ನೆಲದ ವಾಟ

ಪ್ಲಂಬರನಿಗೆ ಈ ಜಗತ್ತಿನಲ್ಲಿ ನಂಬಿಕೆ ಇದ್ದದ್ದು ನೀರಿನ ಮೇಲೆ ಮಾತ್ರ. ಮನುಷ್ಯ ಸುಳ್ಳು ಹೇಳುತ್ತಾನೆ, ಹೊಸದಾಗಿ ಸುಣ್ಣ ಬಳಿದ ಗೋಡೆಯಂತೂ ಹೇಳಿಯೇ ಹೇಳುತ್ತದೆ, ನೀರು ಮಾತ್ರ ಹೇಳುವುದಿಲ್ಲ ಎನ್ನುವುದು ಮೂವತ್ತು ವರ್ಷದ ಕಸುಬು ಅವನಿಗೆ ಕಲಿಸಿದ್ದ ಪಾಠ. ಈ ಗುಣದಿಂದಾಗಿ ಆಗಲೇ ಮೂರು ಮನೆಗಳ ವ್ಯಾಪಾರ ಮುರಿದುಬಿದ್ದಿತ್ತು. ನಾಲ್ಕನೆಯದನ್ನು ನೋಡಲು ಹೊರಡುವ ಮುಂಚೆ ಹೆಂಡತಿ ಅವನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು ಆಣೆ ಹಾಕಿಸಿದ್ದಳು: "ಈ ಮನೆ ಬಗ್ಗೆ ನಿಮ್ಮ ಬಾಯಿಂದ ಒಂದೇ ಒಂದು ಕೊಂಕು ಬರಬಾರದು."

ಪಾಪ, ಅವಳದ್ದೂ ತಪ್ಪಲ್ಲ. ಮದುವೆಯಾದಾಗಿನಿಂದ ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಪೈಪುಗಳನ್ನೇ ನೋಡಿಕೊಂಡು ಬಂದವಳು. ಈ ಪರದೇಶದ ಮನೆಯ ಕಿಟಕಿಯಲ್ಲಿ ಬೆಟ್ಟದ ಇಳಿಜಾರಿನುದ್ದಕ್ಕೂ ದ್ರಾಕ್ಷಿತೋಟ, ಅದರಾಚೆ ಹಳೆಯ ಕೋಟೆ. ಮುನ್ನೂರು ವರ್ಷದಿಂದ ಅಲ್ಲಿ ವೈನ್ ಮಾಡುತ್ತಿದ್ದಾರಂತೆ. ಊರಲ್ಲಿದ್ದ ಅಂಗಡಿ, ಮನೆ ಎರಡನ್ನೂ ಮಾರಿಕೊಂಡು ಈ ದೇಶಕ್ಕೆ ಬಂದಿದ್ದರು. ಇದೂ ಕೈಕೊಟ್ಟರೆ ಅವರಿಗೆ ತಮ್ಮದೆನ್ನುವ ಸೂರೇ ಇರುತ್ತಿರಲಿಲ್ಲ.

ದಲ್ಲಾಳಿ ಅವರ ಭಾಷೆಯವನೇ. ಹೆಂಡತಿಗೆ ಅವನು ದೇವರೇ ಕಳಿಸಿದ ಹಾಗಿದ್ದ, ಪ್ಲಂಬರನಿಗೆ ಅಲ್ಲಿಂದಲೇ ಅನುಮಾನ ಶುರು. ಮಾತುಮಾತಿಗೂ ಅಕ್ಕ, ಅಕ್ಕ. ಹೋದಾಗಲೆಲ್ಲ ನೆಲಮಾಳಿಗೆಗೆ ಕರೆದೊಯ್ದು, ಬೇಡವೆಂದರೂ ಬಿಡದೆ ಕೈಗೆ ಕೆಂಪು ವೈನಿನ ಗ್ಲಾಸು ತುರುಕುತ್ತಿದ್ದ. ಪ್ಲಂಬರ್ ಜನ್ಮದಲ್ಲಿ ಕುಡಿದವನಲ್ಲ. ಮೊದಲ ದಿನ ದಲ್ಲಾಳಿ ಅತ್ತ ತಿರುಗಿದ್ದು ನೋಡಿ ಮೆಲ್ಲನೆ ನೆಲಕ್ಕೆ ಸುರಿದುಬಿಟ್ಟ.

ವೈನ್ ಬಾಗಿಲ ಬಳಿಯ ಮೋರಿಯತ್ತ ಹೋಗಲಿಲ್ಲ. ಕಲ್ಲುಚಪ್ಪಡಿಗಳ ಸಂದಿಯಲ್ಲಿ ಹಿಂದಕ್ಕೆ ಹರಿದು, ಕಣಿವೆ ಕಡೆಯ ಗೋಡೆಗೆ ಒತ್ತಿ ನಿಲ್ಲಿಸಿದ್ದ ದೊಡ್ಡ ಪೀಪಾಯಿಯ ಅಡಿಗೆ ನುಸುಳಿ ಮಾಯವಾಯಿತು. ಬುದ್ಧಿ ಇದ್ದ ಯಾವ ಮೇಸ್ತ್ರಿಯೂ ನೀರು ಗೋಡೆಯ ಬುಡಕ್ಕೆ ಹರಿಯುವ ಹಾಗೆ ನೆಲಕ್ಕೆ ವಾಟ ಕೊಡುವುದಿಲ್ಲ. ಅಂದರೆ ನೆಲ ಕುಸಿದಿದೆ, ಗೋಡೆ ಕಣಿವೆಗೆ ಜಾರುತ್ತಿದೆ. ಎರಡನೆಯ ಸಲ ಬೇರೆ ಮೂಲೆಯಲ್ಲಿ ಸುರಿದು ನೋಡಿದ. ಅದೂ ಅಲ್ಲಿಗೇ ಹೋಯಿತು.

ಹೇಳೋಣವೆಂದರೆ ಆಣೆ. ಅವಳ ತಲೆ ಮುಟ್ಟಿ ಹಾಕಿದ ಆಣೆಯನ್ನು ಮುರಿಯುವ ಧೈರ್ಯ ಅವನಿಗಿರಲಿಲ್ಲ. ಮುಖ ಸಪ್ಪಗೆ ಮಾಡಿಕೊಂಡಿದ್ದಕ್ಕೇ ಅವಳು ಎರಡು ದಿನ ಮಾತು ಬಿಟ್ಟಿದ್ದಳು.

ಸಹಿಯ ದಿನ ದಲ್ಲಾಳಿ ನೆಲಮಾಳಿಗೆಯಲ್ಲೇ ಮೇಜು ಹಾಕಿಸಿದ್ದ. ಕಾಗದ ಹರಡಿ, ಮೂರು ಗ್ಲಾಸು ತುಂಬಿಸಿ, "ಸಹಿ ಮಾಡಿ ಅಕ್ಕ, ಇನ್ನು ಈ ಮನೆ ನಿಮ್ಮದೇ" ಎಂದ. ಅವಳು ಪೆನ್ನು ಎತ್ತಿಕೊಂಡಳು. ಪ್ಲಂಬರ್ ತನ್ನ ಗ್ಲಾಸನ್ನು ಅವಳ ಕಾಲಬಳಿ ಬೋರಲು ಹಾಕಿದ, ಈ ಸಲ ಕದ್ದುಮುಚ್ಚಿ ಅಲ್ಲ.

ದಲ್ಲಾಳಿ ಒರೆಸುವ ಬಟ್ಟೆಗೆ ಓಡಿದ. ಒಂದು ಗ್ಲಾಸು ಚೆಲ್ಲಿದ್ದಕ್ಕೆ ಅಷ್ಟು ಅವಸರ ಬೇಕಿರಲಿಲ್ಲ. ಹೆಂಡತಿ ಗಂಡನ ಮುಖ ನೋಡಿದಳು. ಅವನು ತುಟಿ ಬಿಗಿಹಿಡಿದು ನೆಲವನ್ನೇ ನೋಡುತ್ತಿದ್ದ. ಅವಳೂ ನೋಡಿದಳು. ಪ್ಲಂಬರನ ಜೊತೆ ಇಷ್ಟು ವರ್ಷ ಬಾಳಿದವಳಿಗೆ ವಾಟ ಯಾವ ಕಡೆ ಇರಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೆಂಪು ಗೆರೆ ಅವಳ ಚಪ್ಪಲಿ ದಾಟಿ ಪೀಪಾಯಿಯ ಅಡಿಗೆ ಇಳಿಯಿತು.

"ಆ ಪೀಪಾಯಿ ಸ್ವಲ್ಪ ಸರಿಸಪ್ಪ" ಎಂದಳು.

ದಲ್ಲಾಳಿ ಬಟ್ಟೆ ಹಿಡಿದುಕೊಂಡು ನಿಂತೇ ಇದ್ದ. ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

ಮೆಟ್ಟಿಲು ಹತ್ತಿ ಬಂದಾಗ ಅವಳ ಕಣ್ಣು ತುಂಬಿತ್ತು, ಅವನಿಗೂ ಗೆದ್ದ ಖುಷಿ ಎಳ್ಳಷ್ಟೂ ಇರಲಿಲ್ಲ. ಅಡುಗೆಮನೆಯ ಕಿಟಕಿಯ ಮುಂದೆ ಒಂದು ನಿಮಿಷ ನಿಂತು ದ್ರಾಕ್ಷಿತೋಟ ನೋಡಿದಳು. ಆಮೇಲೆ ತಾನೇ ಕಿಟಕಿ ಮುಚ್ಚಿದಳು.

"ಮುಂದಿನ ಮನೆಗೆ ಆಣೆಗೀಣೆ ಬೇಡ" ಎಂದಳು. "ಬಾಯಿಬಿಟ್ಟೇ ಹೇಳಿ."