ಅರ್ಧ ಸ್ಟೂಲು

"ಈ ಗ್ಲಾಸು ಸರಿ ಇಲ್ಲ ಅನ್ಸುತ್ತೆ ಅಕ್ಕಾ. ಎಲ್ಲಾ ಮಬ್ಬು ಮಬ್ಬು," ಎನ್ನುತ್ತ ಗಿರಾಕಿ ಹೊಸ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

ಗ್ಲಾಸಿಗೆ ಏನೂ ಆಗಿರಲಿಲ್ಲ. ಅದನ್ನು ಉಜ್ಜಿ ಫ್ರೇಮಿಗೆ ಕೂರಿಸಿದವಳು ಅಕ್ಕನೇ. ಮನೆಯಲ್ಲಿ ತಂಗಿಗೆ ಅಕ್ಕನಾಗಿದ್ದವಳು ಈ ಕನ್ನಡಕದ ಅಂಗಡಿಗೆ ಸೇರಿದ ಮೇಲೆ ಬೀದಿಗೆಲ್ಲ ಅಕ್ಕನಾಗಿದ್ದಳು. ತಂಟೆ ಇದ್ದದ್ದು ಗೋಡೆಯ ಟೀವಿಯಲ್ಲಿ. ಗಿರಾಕಿಗಳು ಹೊಸ ಕನ್ನಡಕ ಹಾಕಿಕೊಂಡು ದೂರದ್ದು ಕಾಣುತ್ತದೋ ಇಲ್ಲವೋ ನೋಡಲಿ ಎಂದು ಅಂಗಡಿಯ ಯಜಮಾನರು ಮೊದಲೆಲ್ಲ ಅದರಲ್ಲಿ ಮೀನು ಈಜುವುದನ್ನು ಹಾಕುತ್ತಿದ್ದರು. ಈಗ ಮೀನು ಹೋಗಿ ತಂಗಿಯ ಸಿನಿಮಾ ಬಂದಿತ್ತು. ಸಿನಿಮಾ ಎಂದರೆ ಎಷ್ಟು ಮಹಾ? ಒಂದು ಲೋಟ ಟೀ ಆರುವುದರೊಳಗೆ ಮುಗಿದೇ ಹೋಗುತ್ತದೆ. ಎರಡು ಮಣ್ಣಿನ ಗೊಂಬೆ, ಒಂದು ಕನ್ನಡಿ, ಒಂದು ಸ್ಟೂಲು. ಮಾತಿಲ್ಲ, ಹಾಡಿಲ್ಲ. ಅಷ್ಟಕ್ಕೇ ಊರಿಗೆ ಊರೇ ಮೂಗೊರೆಸಿಕೊಳ್ಳುತ್ತಿತ್ತು.

"ಗ್ಲಾಸಲ್ಲ ಸ್ವಾಮಿ, ನಿಮ್ಮ ಕಣ್ಣಲ್ಲಿ ನೀರು," ಎಂದು ಯಜಮಾನರು ನಕ್ಕರು. "ನಮ್ಮ ಅಕ್ಕೋರ ತಂಗಿ ಮಾಡಿದ್ದು ಇದು. ಬರೀ ಮಾಡಿದ್ದಲ್ಲ, ತಾಯೀನ ಹೀಗೇ ನೋಡ್ಕೊಂಡ್ಳಂತೆ ಪಾಪ. ಅಂಥಾ ಮಗಳನ್ನ ಪಡೆಯೋಕೆ ಪುಣ್ಯ ಮಾಡಿರ್ಬೇಕು!"

ಅಕ್ಕ ಹಲ್ಲು ಕಚ್ಚಿ ಸ್ಕ್ರೂ ತಿರುವಿದಳು. ತಿರುವಿದ ರಭಸಕ್ಕೆ ಫ್ರೇಮಿನ ಕಡ್ಡಿಯೇ ಕಿತ್ತುಬಂತು.

ಟೀವಿಯಲ್ಲಿ ಅದು ಮತ್ತೆ ಶುರುವಾಯಿತು. ಮುದುಕಿ ಕನ್ನಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದಾಳೆ. ಮಗಳು ಹಿಂದೆ ನಿಂತು ತಲೆ ಬಾಚುತ್ತಿದ್ದಾಳೆ. ಮುದುಕಿ ಕನ್ನಡಿ ನೋಡುತ್ತಾಳೆ. ಅಲ್ಲಿರುವುದು ತಾನೇ ಎಂಬುದು ಅವಳಿಗೆ ಮರೆತುಹೋಗಿದೆ. ಯಾರೋ ನೆಂಟರು ಬಂದರು ಎಂದುಕೊಂಡು ಪಕ್ಕಕ್ಕೆ ಸರಿದು ಅರ್ಧ ಸ್ಟೂಲು ಬಿಟ್ಟುಕೊಡುತ್ತಾಳೆ. ಯಾರೂ ಬರುವುದಿಲ್ಲ. ಮುದುಕಿ ಕಾಯುತ್ತಾಳೆ. ಕೊನೆಗೆ ಮಗಳು ಬಾಚಣಿಗೆ ಇಟ್ಟು, ಬಂದು, ಆ ಅರ್ಧದಲ್ಲಿ ತಾನು ಕೂರುತ್ತಾಳೆ. ಆಮೇಲೆ ಕತ್ತಲು, ಕತ್ತಲಲ್ಲಿ "ನನ್ನ ಅಮ್ಮನಿಗೆ" ಎಂಬ ಅಕ್ಷರ.

ಆ ಮಗಳಿಗೆ ತಂಗಿಯ ಮುಖ! ಕತ್ತಿನವರೆಗೆ ಕತ್ತರಿಸಿದ ಕೂದಲು, ದುಂಡು ಕನ್ನಡಕ, ಗಲ್ಲದ ಮಚ್ಚೆ, ಒಂದನ್ನೂ ಬಿಟ್ಟಿರಲಿಲ್ಲ ಪುಣ್ಯಾತಗಿತ್ತಿ. ಅಮ್ಮ ಹಾಸಿಗೆ ಒದ್ದೆ ಮಾಡಿಕೊಂಡಾಗ, ಬಾಗಿಲು ತೆಗೆದುಕೊಂಡು ಬೀದಿಗೆ ಹೋಗಿ ನಿಂತಾಗ, ಅನ್ನದ ತಟ್ಟೆ ಎಸೆದಾಗ ಈ ಮಚ್ಚೆ ಎಲ್ಲಿತ್ತು?

ಇದೆಲ್ಲ ನಿಜವಾಗಿ ನಡೆದ ಆ ಬೆಳಿಗ್ಗೆ ಅಮ್ಮನ ತಲೆ ಬಾಚುತ್ತಿದ್ದವಳು ಅಕ್ಕ. "ನಿಂತೇ ಇದ್ದೀರಲ್ಲ, ಸಂಕೋಚ ಬೇಡ, ಕೂತ್ಕೊಳ್ಳಿ," ಎಂದು ಅಮ್ಮ ಕನ್ನಡಿಗೆ ಹೇಳಿದಳು. ಯಾರಾದರೂ ಕೂರುವವರೆಗೆ ಅವಳಿಗೆ ಸಮಾಧಾನವಿಲ್ಲ. ಅಕ್ಕನೇ ಕೂತಳು. ಅಮ್ಮ ಅವಳ ಮೊಣಕಾಲು ತಟ್ಟಿ, "ಎಷ್ಟು ದೂರದಿಂದ ಬಂದ್ರಿ?" ಎಂದು ಕೇಳಿದಳು. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿದ್ದ ಮಗಳನ್ನು! ಆ ಸಂಜೆ ಅಕ್ಕ ತಂಗಿಗೆ ಫೋನು ಮಾಡಿ ಎಲ್ಲವನ್ನೂ ನಗುತ್ತ ಹೇಳಲು ಹೋಗಿ ಅತ್ತಿದ್ದಳು. ತಂಗಿ, "ಅಳ್ಬೇಡ ಅಕ್ಕಾ, ಕೆಲಸದಲ್ಲಿದ್ದೀನಿ, ಆಮೇಲೆ ಮಾಡ್ತೀನಿ," ಎಂದಿದ್ದಳು. ಆ "ಆಮೇಲೆ" ಅಮ್ಮ ತೀರಿಹೋಗುವವರೆಗೂ ಬರಲಿಲ್ಲ. ಈಗ ಬಂದಿತ್ತು, ಟೀವಿಯಲ್ಲಿ.

ಇಷ್ಟಾದರೂ ಅಕ್ಕನಿಗೆ ತಡೆಯಲಾಗದ ಸಿಟ್ಟು ಇದ್ದದ್ದು ತನ್ನ ಕಣ್ಣಿನ ಮೇಲೆಯೇ. ಮುದುಕಿ ಗೊಂಬೆ ಪಕ್ಕಕ್ಕೆ ಸರಿಯುವಾಗ ಅದರ ಎಡಭುಜ ಒಂದಿಷ್ಟು ಇಳಿಯುತ್ತಿತ್ತು, ಥೇಟ್ ಅಮ್ಮನ ಹಾಗೆ. ಆ ಭುಜ ಇಳಿದದ್ದೇ ತಡ, ಇವಳ ಕಣ್ಣು ತುಂಬಿಬಿಡುತ್ತಿತ್ತು. ತನ್ನನ್ನು ದೋಚಿದವಳ ಮುಂದೆ ತಾನೇ ಅಳುವುದೆಂದರೆ! ಅವಳು ಕೋಟು ಕಳಚಿ ಮೊಳೆಗೆ ಸಿಕ್ಕಿಸಿ, "ಅರ್ಧ ದಿನ ರಜಾ," ಎಂದವಳೇ ಬಸ್ಸು ಹತ್ತಿದಳು.

ತಂಗಿಯ ಸ್ಟುಡಿಯೋ ಒಂದು ಹಳೆಯ ಗೋದಾಮು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ, ನೆಲದ ತುಂಬ ವೈರು. ಮರುದಿನದ ಬಹುಮಾನ ಸಮಾರಂಭದಲ್ಲಿ ಜನರಿಗೆ ತೋರಿಸಲೆಂದು ಸಿನಿಮಾದ ಕೋಣೆಯನ್ನು ತಂಗಿ ಮೇಜಿನ ಮೇಲೆ ಮತ್ತೆ ಜೋಡಿಸುತ್ತಿದ್ದಳು. ಸೂಟ್‌ಕೇಸಿನಲ್ಲಿ ಹಿಡಿಯುವಷ್ಟು ಕೋಣೆ, ಬೆಂಕಿಪೊಟ್ಟಣದಷ್ಟು ಸ್ಟೂಲು, ಅದರ ಮೇಲೆ ಒತ್ತಿಕೊಂಡು ಕೂತ ತಾಯಿ ಮಗಳು.

"ಅಕ್ಕಾ! ಹೇಳ್ದೆ ಕೇಳ್ದೆ ಬಂದ್ಬಿಟ್ಟೆ? ನಾಳೆ ಅಲ್ವಾ ಕಾರ್ಯಕ್ರಮ?"

"ಆ ಮುಖ ಯಾರದ್ದೇ?"

"ಯಾವ ಮುಖ?"

"ತಲೆ ಬಾಚ್ತಾಳಲ್ಲ, ಆ ಮಹಾತಾಯಿದು."

ತಂಗಿ ಕೈಯ ಮಣ್ಣನ್ನು ಅಂಗಿಗೆ ಒರೆಸಿಕೊಂಡಳು. "ಬೇಕಂತ ಮಾಡಿದ್ದಲ್ಲ ಅಕ್ಕಾ. ಗೊಂಬೇನ ಕೂದಲೆಳೆಯಷ್ಟು ಸರಿಸೋದು, ಒಂದು ಫೋಟೋ ತೆಗೆಯೋದು, ಮತ್ತೆ ಸರಿಸೋದು, ಹೀಗೆ ನಮ್ಮ ಕೆಲಸ. ಮುಖ ಮಾಡೋವಾಗ ಎದುರಿಗೆ ಕನ್ನಡಿ ಇಟ್ಕೊಂಡು ನಾವೇ ನಕ್ಕು, ಅತ್ತು, ಅದನ್ನ ನೋಡ್ಕೊಂಡು ಮಾಡ್ತೀವಿ. ಮಾಡ್ತಾ ಮಾಡ್ತಾ ನಮ್ಮ ಮುಖಾನೇ ಬಂದ್ಬಿಡುತ್ತೆ. ಈ ಕೆಲಸದೋರಿಗೆಲ್ಲ ಆಗೋ ತಪ್ಪು ಇದು."

"ಹೌದಮ್ಮಾ. ನಿನ್ನ ಮುಖ ಗೊಂಬೆಗೆ ಬಂತು. ನೀನು ಮಾತ್ರ ಮನೆಗೆ ಬರ್ಲಿಲ್ಲ."

ತಂಗಿ ತಲೆ ತಗ್ಗಿಸಿದಳು. "ನಂಗೆ ಧೈರ್ಯ ಸಾಲ್ಲಿಲ್ಲ ಅಕ್ಕಾ. ಅಮ್ಮ ನನ್ನ ಗುರುತೇ ಹಿಡೀದೆ ಹೋದ್ರೆ ಅಂತ..."

"ನನ್ನ ಹಿಡೀತಿದ್ಳಾ? ದಿನಾ ಬೆಳಿಗ್ಗೆ ನಾನು ಯಾರು ಅಂತ ಹೇಳ್ಕೊಂಡೇ ಹಲ್ಲುಜ್ಜಿಸ್ತಿದ್ದೆ ಕಣೇ! ಅವಳು ನಂಗೆ ಅಂತ ಜಾಗ ಬಿಟ್ಟಿದ್ದು ಅದೊಂದೇ ಸಲ. ಅದೂ ಯಾರೋ ಪರಸ್ಥಳದೋಳು ಅಂತ. ಆ ಅರ್ಧ ಸ್ಟೂಲೂ ನಿಂಗೇ ಬೇಕಾಯ್ತಾ?"

"ನಾಳೆ ಎಲ್ರೆದುರಿಗೆ ಹೇಳ್ತೀನಿ, ಇದು ನಾನಲ್ಲ, ನಮ್ಮಕ್ಕ ಅಂತ. ಆಣೆಗೂ ಹೇಳ್ತೀನಿ."

"ನಿನ್ನ ಭಾಷಣ ಯಾವನಿಗೆ ಬೇಕು? ಚಪ್ಪಾಳೆ ತಟ್ಟಿ ಮನೆಗೆ ಹೋಗ್ತಾರೆ. ಸಿನಿಮಾ ಉಳಿಯುತ್ತೆ. ನಾನು ಸತ್ತ ಮೇಲೂ ಉಳಿಯುತ್ತೆ. ನೋಡಿದೋರೆಲ್ಲ ಅಳ್ತಾರೆ, ನಾನೂ ಅಳ್ತೀನಿ, ಹಾಳಾದ್ದು, ಹಾಗೆ ಮಾಡಿದ್ದೀಯ. ಅಮ್ಮನ ಪಕ್ಕದಲ್ಲಿ ನೀನು ಕೂತಿರ್ತೀಯ. ನಾನು ಎಲ್ಲೂ ಇರಲ್ಲ."

ಮಾಡಿದ ಸಿನಿಮಾ ಮಾಡಿಯಾಗಿತ್ತು, ಹೋದದ್ದು ಊರೂರಿಗೆ ಹೋಗಿಯಾಗಿತ್ತು.

ಅಕ್ಕ ಮೇಜಿನ ಹತ್ತಿರ ಹೋದಳು. ಗ್ಲಾಸು ಉಜ್ಜುವ ಕೈ, ಸಣ್ಣ ವಸ್ತು ಹಿಡಿಯುವುದು ಅದಕ್ಕೆ ಗೊತ್ತು. ಮಚ್ಚೆಯ ಗೊಂಬೆಯ ಸೊಂಟ ಹಿಡಿದು ಒಂದೇ ಸಲಕ್ಕೆ ಎತ್ತಿದಳು. ಅದನ್ನು ಸ್ಟೂಲಿಗೆ ಸಿಕ್ಕಿಸಿದ್ದ ಸೂಜಿಯೂ ಬುಡದ ಜೊತೆ ಕಿತ್ತು ಬಂತು.

"ಅಯ್ಯೋ ಬೇಡ ಅಕ್ಕಾ!"

"ತಗೋ ನಿನ್ನನ್ನ," ಎಂದು ಅಕ್ಕ ಗೊಂಬೆಯನ್ನು ತಂಗಿಯ ಕೈಗೆ ತುರುಕಿದಳು. "ಆ ಜಾಗ ಖಾಲಿ ಇರ್ಲಿ. ನೋಡೋರು ನೋಡ್ಲಿ."

ಖಾಲಿ ಅರ್ಧ ಒಂದು ಗಳಿಗೆ ಹಾಗೇ ಇತ್ತು. ಆಮೇಲೆ ಮುದುಕಿ ಗೊಂಬೆ ಮೆಲ್ಲಗೆ ವಾಲತೊಡಗಿತು. ಅದು ಇಷ್ಟು ಹೊತ್ತು ನೆಟ್ಟಗಿದ್ದದ್ದು ಮಗಳು ಗೊಂಬೆಯ ಆಸರೆಯಿಂದ. ಎಡಭುಜ ಇಳಿಯಿತು, ತಲೆ ಬಾಗಿತು. ಅಕ್ಕನಿಗೆ ಯೋಚಿಸಲು ಪುರುಸೊತ್ತಾಗಲಿಲ್ಲ. ಕೈ ತಾನಾಗಿ ಮುಂದೆ ಹೋಗಿ, ಬೆರಳು ಅಮ್ಮನ ಬೆನ್ನಿಗೆ ಒತ್ತಿ ನಿಂತಿತು. ಸ್ನಾನದ ಮನೆಯಲ್ಲಿ, ಮೆಟ್ಟಿಲ ಮೇಲೆ, ಹಾಸಿಗೆಯಿಂದ ಏಳಿಸುವಾಗ ಹೋಗುತ್ತಿದ್ದ ಹಾಗೆಯೇ.

ಈಗ ಬೆರಳು ತೆಗೆಯುವಂತಿಲ್ಲ. ತೆಗೆದರೆ ಬೀಳುತ್ತಾಳೆ. ಅಕ್ಕ ಮೇಜಿನ ಮೇಲೆ ಬಾಗಿ ಹಾಗೇ ನಿಂತಳು. ಸೊಂಟ ಹಿಡಿಯಿತು. ಕಣ್ಣಿಂದ ಇಳಿದ ನೀರು ಮೂಗಿನ ತುದಿಗೆ ಬಂತು, ಒರೆಸಿಕೊಳ್ಳಲು ಆಗಲಿಲ್ಲ. ತಂಗಿ ತನ್ನ ಗೊಂಬೆಯನ್ನು ಎದೆಗೆ ಹಿಡಿದುಕೊಂಡು ಬಾಗಿಲವರೆಗೆ ಹಿಂದೆ ಸರಿದು ನೋಡುತ್ತಲೇ ಇದ್ದಳು.

"ನೋಡ್ತಾ ನಿಂತ್ಯಲ್ಲೇ," ಎಂದಳು ಅಕ್ಕ. "ಬಾ. ಬಂದು ನೀನೂ ಒಂಚೂರು ಹಿಡ್ಕೋ. ನಂಗೆ ಕೈ ಸೋತು ಹೋಗಿದೆ."

ತಂಗಿ ಕೈಲಿದ್ದದ್ದನ್ನು ನೆಲಕ್ಕಿಟ್ಟು ಬಂದಳು. ತನ್ನ ಬೆರಳನ್ನು ಅಕ್ಕನ ಬೆರಳ ಕೆಳಗೆ ಕೊಟ್ಟಳು. ಅಕ್ಕ ತನ್ನದನ್ನು ತೆಗೆಯಲಿಲ್ಲ. ಪುಟ್ಟ ಕನ್ನಡಿಯಲ್ಲಿ ಮುದುಕಿಯ ಮುಖ, ಪಕ್ಕದಲ್ಲಿ ಖಾಲಿ ಅರ್ಧ ಸ್ಟೂಲು ಕಾಣುತ್ತಿದ್ದವು.