‘ಬಿಳಿ ಬಾತು’ವಿನ ನಾಲ್ಕನೆಯ ಮುಂಬಾಗಿಲು

ನೆದರ್ ಪಡ್ಲಿಯ ‘ಬಿಳಿ ಬಾತು’ ಪಬ್ಬಿಗೆ ಒಂದಾದ ಮೇಲೊಂದರಂತೆ ಮೂರು ಮುಂಬಾಗಿಲು ಆಗಿದ್ದವು. ಊರೊಳಗೆ ಕುದುರೆ ಸಾರೋಟು ಓಡುತ್ತಿದ್ದಾಗ ಪಬ್ಬು ನಡೆಸುವ ಥ್ರಪ್ ಮನೆತನದವರು ದಕ್ಷಿಣಕ್ಕೆ ಬಾಗಿಲಿಟ್ಟರು. ಕಾಲುವೆ ತೋಡಿ ದೋಣಿ ಬಂದಾಗ ಅದನ್ನು ಮುಚ್ಚಿ ಉತ್ತರಕ್ಕೆ, ರೈಲು ಬಂದಾಗ ಪೂರ್ವಕ್ಕೆ. ಊರಿನ ಬುದ್ಧಿಯೇ ಅಷ್ಟು, ದುಡ್ಡು ಬರುವ ಕಡೆಗೆ ಮುಖ. ಸ್ವಂತ ಊರಿನವರಿಗೆ ಮಾತ್ರ ಯಾವ ಕಾಲಕ್ಕೂ ಹಂದಿಗೂಡಿನ ಪಕ್ಕದ ಅಡುಗೆಮನೆ ಬಾಗಿಲೇ ಗತಿ. ಅವರ ಕೆಸರು ಬೂಟು ಕಂಡರೆ ಪರವೂರಿನವರು ಏನೆಂದುಕೊಂಡಾರು?

ಈಗ ರೈಲೂ ನಿಂತುಹೋಗಿತ್ತು. ಪಬ್ಬಿನ ಒಡೆತನ ಬಿಯರ್ ಕಂಪನಿಯದು. ಅದರ ಸಾಹೇಬ ಬಂದು, “ಕ್ರಿಸ್‌ಮಸ್ಸಿಗೆ ಮತ್ತೆ ಬರ್ತೀನಿ, ಮಿಸೆಸ್ ಥ್ರಪ್. ಗಿರಾಕಿ ಕಾಣ್ಲಿಲ್ಲ ಅಂದ್ರೆ ಬೀಗ ಹಾಕ್ಬೇಕಾಗತ್ತೆ,” ಎಂದು ಹೋದ.

ಮಿಲ್‌ಡ್ರೆಡ್ ಥ್ರಪ್ ಎದೆಗುಂದಲಿಲ್ಲ. ಪಶ್ಚಿಮಕ್ಕೆ ಮೋಟಾರು ಹೆದ್ದಾರಿ ಬರುವುದಿತ್ತು. ಪೂರ್ವದ ಬಾಗಿಲು ಮುಚ್ಚಿಸಿ, ಪಶ್ಚಿಮದ ಗೋಡೆ ಒಡೆಸಿ ಓಕ್ ಮರದ ಬಾಗಿಲು ಕೂರಿಸಿದಳು. ಹಿತ್ತಾಳೆಯ ಹಿಡಿಕೆಯನ್ನು ಮುಖ ಕಾಣುವಂತೆ ತಿಕ್ಕಿದಳು.

ಆಮೇಲೆ ಸರ್ಕಾರದ ಎಂಜಿನಿಯರು ನಕ್ಷೆ ಹಿಡಿದು ಸಭೆ ಕರೆದ. ರಸ್ತೆ ಎಲ್ಲರಿಗೂ ಬೇಕು.

“ಬರ್ಲಿ, ಸಂತೋಷ. ನನ್ನ ಗುಲಾಬಿಗಳಿಂದ ಒಂಚೂರು ಆಚೆ,” ಎಂದರು ಮೇಜರ್ ಪಾಂಡರ್.

“ಸಮಾಧೀಲಿ ಮಲಗಿರೋರ ನಿದ್ದೆನೂ ನೋಡ್ಬೇಕಲ್ವಾ? ಇನ್ನೊಂಚೂರು ಆಚೆ,” ಎಂದರು ಪಾದ್ರಿಗಳು.

ಸುಮ್ಮನೆ ಕೂತಿದ್ದರೆ ಮಿಲ್‌ಡ್ರೆಡ್ ಬಚಾವಾಗುತ್ತಿದ್ದಳೋ ಏನೋ. ಆದರೆ ಎಲ್ಲರೂ ಕೇಳುವಾಗ ತಾನೊಬ್ಬಳು ಕೇಳದಿದ್ದರೆ ಹೇಗೆ? “ನನ್ನ ಕೋಳಿಗಳು ಗದ್ದಲಕ್ಕೆ ಮೊಟ್ಟೆ ಇಡಲ್ಲ. ಸ್ವಲ್ಪ ಸರಿಸಿ,” ಎಂದುಬಿಟ್ಟಳು.

ಎಂಜಿನಿಯರು ಬಲು ವಿನಯವಂತ. ಎಲ್ಲರ ‘ಒಂಚೂರು’ಗಳನ್ನೂ ಕೂಡಿಸಿ ರಸ್ತೆಯನ್ನು ಗುಡ್ಡದ ಆಚೆಗೇ ಒಯ್ದ.

ಕೋಳಿಗಳು ಧಾರಾಳವಾಗಿ ಮೊಟ್ಟೆಯಿಟ್ಟವು. ಹೊಸ ಬಾಗಿಲನ್ನು ಯಾರೂ ತಟ್ಟಲಿಲ್ಲ. ಮಿಲ್‌ಡ್ರೆಡ್ ಅಡುಗೆಮನೆಯಲ್ಲಿ ಕೂತು ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡಳು.

ಹಿಂದಿನ ಬಾಗಿಲು ಕಿರ್ರೆಂದಿತು. ಚರಂಡಿ ತೋಡುವ ಮುದುಕ ಎನಾಕ್ ಟಾಡ್.

“ಯಾಕ್ ಮಗಳೇ, ಈರುಳ್ಳಿ ಹೆಚ್ತಿದ್ಯಾ?”

“ಮುಂದಿನ ಬಾಗಿಲಲ್ಲಿ ಬರೋಕೇನಾಗಿತ್ತು ನಿಂಗೆ? ಒಬ್ರಾದ್ರೂ ಬಂದಂಗಾಗ್ತಿತ್ತು!”

“ಅಷ್ಟ್ ಚೆಂದದ ಬಾಗ್ಲು, ಕೊಳೆ ಆಗಲ್ವಾ? ಬಿಯರ್ ಕೊಡು.”

ಎನಾಕನ ಹಿಂದೆ ಮೇಜರ್ ಬಂದರು, ಪಾದ್ರಿಗಳೂ ಬಂದರು. ಹೊರಗಿನವರಾರೂ ಬಾರದ ಊರಿನಲ್ಲಿ ಇವರಾದರೂ ಎಲ್ಲಿಗೆ ಹೋಗಬೇಕು?

ಕ್ರಿಸ್‌ಮಸ್ಸಿನ ಹೊತ್ತಿಗೆ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಹಾಡು ಜೋರಾಗಿದ್ದಾಗ ಓಕ್ ಬಾಗಿಲಲ್ಲಿ ದಬದಬ ಸದ್ದಾಯಿತು. ಮಿಲ್‌ಡ್ರೆಡ್ ಓಡಿದಳು. ಬಳಸದೆ ಬಿಟ್ಟ ಮರ ತೇವಕ್ಕೆ ಉಬ್ಬಿ ಕಚ್ಚಿಕೊಂಡಿತ್ತು, ಎಷ್ಟು ಎಳೆದರೂ, ಜಪ್ಪಯ್ಯ ಅಂದರೂ ಅಲುಗಲಿಲ್ಲ.

“ಹಿಂದಿಂದ ಬನ್ನಿ!” ಎಂದು ಕೂಗಿದಳು.

ಹಂದಿಗೂಡಿನ ಕೆಸರು ಮೊಣಕಾಲಿಗೆ ಮೆತ್ತಿಕೊಂಡು ಕಂಪನಿಯ ಸಾಹೇಬ ಒಳಬಂದ. ಕೂರಲು ಕುರ್ಚಿ ಹುಡುಕಿದ. ಒಂದೂ ಖಾಲಿ ಇರಲಿಲ್ಲ.

“ಏನಮ್ಮಾ ಇದು? ನಿಮ್ಮ ಪಬ್ಬಿನ ಮುಂಬಾಗಿಲು ಯಾವುದು?”

ಮಿಲ್‌ಡ್ರೆಡ್ ಅವನ ಬೂಟು ನೋಡಿದಳು, ಎನಾಕನ ಬೂಟು ನೋಡಿದಳು.

“ನೀವು ಬಂದ್ರಲ್ಲ, ಅದೇ ಸ್ವಾಮಿ,” ಎಂದಳು.