ದೇಹಬಲಕ್ಕೆ ಹತ್ತು

"ದೇಹಬಲ, ಹತ್ತು. ನಾಯಕತ್ವ, ಮೂರು." ಮೇಜರ್ ಮುಂದಿನ ಚೀಟಿ ಬಿಚ್ಚಿದರು. "ದೇಹಬಲ, ಹತ್ತು. ನಾಯಕತ್ವ, ನಾಲ್ಕು."

ಆಲ್ಫೋನ್ಸ್ ಸಿದ್ದಿಗೆ ಜೊತೆಯ ಐವರು ಕೊಟ್ಟ ಅಂಕಗಳವು. ಈಗ ಓದಿದ್ದು ತನ್ನ ಚೀಟಿಯೆಂದು ಶರ್ವಿನ್ ಪಾಯ್ಸ್‌ಗೆ ಗೊತ್ತಾಯಿತು. ದುಬೈಯ ಕಾಲೇಜು ಹುಡುಗರನ್ನು ಭಾರತದ ಸೇನಾಧಿಕಾರಿ ಆಯ್ಕೆಗೆ ತಯಾರು ಮಾಡುತ್ತಿದ್ದ ಈ ನಿವೃತ್ತ ಮೇಜರ್, ಬರೆದವರ ಹೆಸರು ಹೇಳದೆ ಚೀಟಿಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ನಾಯಕತ್ವದಲ್ಲಿ ಹೆಚ್ಚು ಅಂಕ ಬಂದವನೇ ಲೀಡರ್. ಶಿಫಾರಸು ಪತ್ರವೂ ಅವನಿಗೇ.

ಬೆಳಿಗ್ಗೆ ಮರಳಿನಲ್ಲಿ ದಾರಿ ತಪ್ಪಿಸಿದ್ದು ಶರ್ವಿನ್. ಮೆಲ್ಲಗೆ ನಕ್ಷೆ ಕೇಳಿ ಪಡೆದು ಎಲ್ಲರನ್ನೂ ಹೊತ್ತಿಗೆ ಸರಿಯಾಗಿ ಬಸ್ಸಿಗೆ ಮುಟ್ಟಿಸಿದ್ದು ಆಲ್ಫೋನ್ಸ್. ಕಾಲು ಉಳುಕಿದ ಅನಿಕೇತನ ಚೀಲವನ್ನೂ ಅವನೇ ಹೊತ್ತಿದ್ದ. "ನಮ್ಗೊಂದು ಕ್ರೇನ್ ಸಿಕ್ತು ಬ್ರೋ!" ಎಂದಿದ್ದ ಅನಿಕೇತ್. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಶರ್ವಿನ್. ಅಂಕ ಬರೆಯುವಾಗ ತನಗೆ ನೆನಪಾದದ್ದು ಆ ಚೀಲ ಮಾತ್ರ ಎಂದು ಈಗ ತನಗೇ ಹೇಳಿಕೊಂಡ.

"ನಕ್ಷೆ ಓದಿದ್ದು ಯಾರು?" ಮೇಜರ್ ಕೇಳಿದರು.

ಯಾರೂ ಬಾಯಿ ಬಿಡಲಿಲ್ಲ. ನಾಯಕತ್ವದಲ್ಲಿ ಹೆಚ್ಚು ಅಂಕ ಬಂದಿದ್ದ ಶರ್ವಿನ್‌ನ ತೋಳಿಗೆ ಅವರು ಲೀಡರ್‌ನ ಕೆಂಪು ಪಟ್ಟಿ ಕಟ್ಟಿದರು.

ದುಬೈಯ ಇಂಟರ್‌ನ್ಯಾಷನಲ್ ಸಿಟಿಗೆ ಬಸ್ಸಿನಲ್ಲಿ ಮರಳುವಾಗ ಆಲ್ಫೋನ್ಸ್ ಬಂದು ಶರ್ವಿನ್‌ನ ಪಕ್ಕದಲ್ಲೇ ಕುಳಿತ. ಇಬ್ಬರ ಮನೆಮಾತೂ ಕೊಂಕಣಿ, ಇಬ್ಬರೂ ಹೋಗುವುದು ಒಂದೇ ಇಗರ್ಜಿಗೆ. ಆದರೂ ಶರ್ವಿನ್ ಅವನೊಡನೆ ಆಡುತ್ತಿದ್ದುದು ಕನ್ನಡ. ಗೆಳೆಯರು ಆಲ್ಫೋನ್ಸ್‌ನ ಗುಂಗುರು ಕೂದಲು, ಕಪ್ಪು ಮೈ ನೋಡಿ ಆಫ್ರಿಕಾದವನೆಂದುಕೊಂಡರೆ ಶರ್ವಿನ್ ತಿದ್ದುತ್ತಿರಲಿಲ್ಲ.

"ನಂಗೆ ನೀನೆಷ್ಟು ಹಾಕಿದ್ದಿ ಮಾರಾಯ?"

"ಎಲ್ರೂ ಹಾಕಿದಷ್ಟೇ."

"ನಮ್ಮ ಹಳಿಯಾಳದಲ್ಲೂ ಅಷ್ಟೇ. ಮೂಟೆ ಹೊರ್ಲಿಕ್ಕೆ ಮೊದ್ಲು ನಮ್ಮ ಸಿದ್ದಿಗಳನ್ನೇ ಕರೀತಾರೆ. ಅಪ್ಪ ಅಬುಧಾಬಿಗೆ, ಮುಸಫ್ಫಾದ ಗೋದಾಮಿಗೆ ಬಂದೂ ಹೊತ್ತದ್ದೇ. ಮಗ ಆಫೀಸರ್ ಆಗ್ತಾನೆ ಅಂತ ಎಲ್ರಿಗೂ ಹೇಳ್ಕೊಂಡು ತಿರುಗ್ತಾನೆ." ಆಲ್ಫೋನ್ಸ್ ನಕ್ಕ.

ಶರ್ವಿನ್ ಕಿಟಕಿಯ ಕಡೆ ತಿರುಗಿದ. ನಕ್ಷೆ ಓದಿದ್ದು ಆಲ್ಫೋನ್ಸ್ ಎಂದು ಮೇಜರ್‌ಗೆ ಹೇಳಬೇಕು. ನಾಳೆಯಲ್ಲ, ಇಳಿದ ಕೂಡಲೇ.

ಬಸ್ಸು ನಿಂತಿತು. ಡೇರೆಗಳನ್ನು ತುಂಬಿದ ಕಬ್ಬಿಣದ ಪೆಟ್ಟಿಗೆ ಇಳಿಸಬೇಕಿತ್ತು.

"ಯಲ್ಲಾ, ಬೇಗ ಹೇಳು ಲೀಡರ್, ಇದಕ್ಕೆ ಯಾರು?" ಮೇಜರ್ ಕೇಳಿದರು.

ಉಳಿದ ಐವರೂ ಸಾಲಾಗಿ ನಿಂತಿದ್ದರು. ಶರ್ವಿನ್ ಬಾಯಿ ತೆರೆದ.

"ಆಲ್ಫೋನ್ಸ್," ಎಂದ.

ಮರುಕ್ಷಣವೇ ತಾನೂ ಪೆಟ್ಟಿಗೆಯ ಒಂದು ಹಿಡಿಗೆ ಕೈ ಚಾಚಿದ. ಅಷ್ಟರಲ್ಲಿ ಆಲ್ಫೋನ್ಸ್ ಅದನ್ನು ಹೆಗಲಿಗೇರಿಸಿ ಹೊರಟಿದ್ದ. ಜಾರುತ್ತಿದ್ದ ಕೆಂಪು ಪಟ್ಟಿಯನ್ನು ಮೇಲಕ್ಕೆಳೆದುಕೊಂಡು ಶರ್ವಿನ್ ಹಿಂದೆ ನಡೆದ, ಬರಿಗೈಯಲ್ಲಿ.